ಕೋಲವಿಲ್ಲದ ತಿಂಗಳಲ್ಲಿ ದೈವದ ಚಿತ್ರ: ಕಾರ್ಕಳ ಸೀಮೆಯ ಒಂದು ಚಿತ್ರಕಲಾ ಶಿಬಿರದ ವಿಮರ್ಶೆ

ಕಳೆದ ಜೂನ್ ತಿಂಗಳಲ್ಲಿ, ಮಳೆ ಹಿಡಿದುಕೊಂಡ ಮೊದಲ ವಾರ, ಕಾರ್ಕಳದ ಹತ್ತಿರದ ಹಳ್ಳಿಯೊಂದರ ಗುತ್ತಿನ ಮನೆಯಲ್ಲಿ, ಅಂದರೆ ಊರಿನ ಹಿರಿಯ ಮನೆತನದ ಮನೆಯಲ್ಲಿ, ನಡೆದ ಮೂರು ದಿನಗಳ ವಸತಿಸಹಿತ ಚಿತ್ರಕಲಾ ಶಿಬಿರದಲ್ಲಿ ನಾನು ಭಾಗವಹಿಸಿದ್ದೆ. ತುಳುನಾಡಿನ ದೈವಗಳ ಕಥೆಗಳಿಂದ ಚಿತ್ರವೊಂದನ್ನು ಕಟ್ಟುವುದು ಹೇಗೆ ಎಂಬುದು ಶಿಬಿರದ ವಿಷಯವಾಗಿತ್ತು. ಊಟ, ವಸತಿ, ಕಾಗದ, ಬಣ್ಣ ಮತ್ತು ಕಾರ್ಕಳಕ್ಕೆ ಒಂದು ದಿನದ ಪ್ರಯಾಣ ಎಲ್ಲವೂ ಸೇರಿ ಶುಲ್ಕ 8,500 ರೂಪಾಯಿ. ಬಂದಿದ್ದವರು ಹದಿನಾಲ್ಕು ಮಂದಿ. ಮೆಚ್ಚುಗೆಯ ಜೊತೆಗೆ ಕೆಲವು ಆಕ್ಷೇಪಗಳನ್ನೂ ಹೇಳಬೇಕಾಗಿರುವುದರಿಂದ ನಡೆಸಿದವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥದೊಂದು ಶಿಬಿರಕ್ಕೆ ಹಣವನ್ನೂ ದಿನಗಳನ್ನೂ ಕೊಡುವ ಮೊದಲು ಏನನ್ನು ನಿರೀಕ್ಷಿಸಬಹುದು, ಏನನ್ನು ಮುಂಚಿತವಾಗಿ ಕೇಳಿ ತಿಳಿದುಕೊಳ್ಳಬೇಕು ಎಂಬುದು ಓದುವವರಿಗೆ ತಿಳಿದರೆ ಸಾಕು.

ನಾನು ತುಮಕೂರು ಕಡೆಯವಳು. ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿ. ವೇಷ ಕಟ್ಟಿ ದೈವವನ್ನು ಬರಮಾಡಿಕೊಳ್ಳುವ ಭೂತಕೋಲವನ್ನು ಮೊದಲ ಬಾರಿಗೆ ನೋಡಿದ್ದು ಗೆಳತಿಯೊಬ್ಬಳ ಊರಿನಲ್ಲಿ. ಆ ರಾತ್ರಿ ಮನಸ್ಸಿನಲ್ಲಿ ನಿಂತಿದ್ದನ್ನು ಚಿತ್ರಕ್ಕೆ ತರಬೇಕೆಂದು ಎರಡು ವರ್ಷ ಪ್ರಯತ್ನಿಸಿದೆ. ತೆಗೆದುಕೊಂಡು ಬಂದಿದ್ದ ಫೋಟೋಗಳನ್ನು ಎದುರಿಗಿಟ್ಟುಕೊಂಡು ಬೆನ್ನ ಹಿಂದೆ ಕಟ್ಟುವ ಅಲಂಕಾರದ ಚೌಕಟ್ಟಾದ ಅಣಿ, ಸೊಂಟದ ಎಳೆಯ ತೆಂಗಿನ ಗರಿಯ ಸಿರಿ, ಕಾಲಿನ ಕಡಗವಾದ ಗಗ್ಗರ, ಹಳದಿ ಬಳಿದ ಮುಖ ಇವೆಲ್ಲವನ್ನೂ ಒಂದೊಂದಾಗಿ ಬರೆದು ನಾಲ್ಕು ಚಿತ್ರ ಮುಗಿಸಿದೆ. ನಾಲ್ಕರಲ್ಲೂ ವೇಷ ಸರಿಯಾಗಿಯೇ ಬಂದಿತ್ತು, ಆದರೆ ಆ ರಾತ್ರಿ ನನ್ನ ಕೈಕಾಲು ತಣ್ಣಗಾಗಿಸಿದ್ದು ಅವುಗಳಲ್ಲಿ ಎಲ್ಲಿಯೂ ಇರಲಿಲ್ಲ. ಈ ಕೊರತೆ ಎಲ್ಲಿದೆ ಎಂದು ತಿಳಿಯುವುದಕ್ಕಾಗಿಯೇ ಶಿಬಿರಕ್ಕೆ ಹೆಸರು ಕೊಟ್ಟೆ.

ಶಿಬಿರ ಜೂನ್ ತಿಂಗಳಲ್ಲಿದೆ ಎಂದು ತಿಳಿದಾಗ ಹಿಂಜರಿದದ್ದು ನಿಜ. ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ, ಕೋಲ, ನೇಮ, ಯಕ್ಷಗಾನದ ತಿರುಗಾಟ ಎಲ್ಲವೂ ನಿಲ್ಲುತ್ತವೆ. ಗೆಜ್ಜೆ ಬಿಚ್ಚಿಟ್ಟರೆ ಮತ್ತೆ ಕಟ್ಟುವುದು ಮಳೆಗಾಲ ಕಳೆದ ಮೇಲೆಯೇ. ಕೋಲವೇ ಇಲ್ಲದ ಕಾಲದಲ್ಲಿ ದೈವದ ಚಿತ್ರ ಬರೆಯುವುದೆಂದರೇನು ಎಂದು ವಿಚಾರಿಸಿದಾಗ, ಆ ಕಾಲದಲ್ಲಿ ಮಾತ್ರ ಹಾಡುವವರಿಗೂ ಬಣ್ಣ ಹಚ್ಚುವವರಿಗೂ ನಮ್ಮೊಂದಿಗೆ ಕುಳಿತುಕೊಳ್ಳಲು ಬಿಡುವಿರುತ್ತದೆ ಎಂಬ ಉತ್ತರ ಬಂತು. ಈಗ ಯೋಚಿಸಿದರೆ ಶಿಬಿರದ ಅತ್ಯುತ್ತಮ ನಿರ್ಧಾರ ಅದೇ ಆಗಿತ್ತು. ಕಣ್ಣಿಗೆ ನೋಡಲು ಏನೂ ಇಲ್ಲದಿದ್ದುದರಿಂದ ನಾವು ಕಿವಿಗೊಡಲೇಬೇಕಾಯಿತು.

ಮೊದಲ ದಿನ ಮಧ್ಯಾಹ್ನದವರೆಗೆ ಯಾರಿಗೂ ಕುಂಚ ಮುಟ್ಟಲು ಬಿಡಲಿಲ್ಲ. ಚಾವಡಿಯ ಕಂಬಕ್ಕೆ ಒರಗಿ ಕುಳಿತ ಎಪ್ಪತ್ತು ದಾಟಿದ ಅಮ್ಮನೊಬ್ಬರು ಕಲ್ಕುಡ ಕಲ್ಲುರ್ಟಿ ಎಂಬ ದೈವಗಳ ಪಾಡ್ದನವನ್ನು, ಅಂದರೆ ಅವರ ಕಥೆ ಹೇಳುವ ಹಾಡನ್ನು, ತುಳುವಿನಲ್ಲಿ ಹಾಡಿದರು. ಪಾಡ್ದನಗಳನ್ನು ಕೋಲದಲ್ಲಿ ತೆಂಬರೆ ಎಂಬ ಚರ್ಮವಾದ್ಯದ ಬಡಿತಕ್ಕೆ ಹೇಳುವ ಕ್ರಮ ಒಂದು. ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಹೆಂಗಸರು ಹಾಡುವ ಕ್ರಮ ಇನ್ನೊಂದು. ಇವರದು ಗದ್ದೆಯ ಹಾಡು. ಬಾಗಿ ನೆಡುವ ಕೆಲಸಕ್ಕೆ ಹೊಂದಿದ ಆ ಲಯವನ್ನು ಕುಳಿತು ಹಾಡುವಾಗಲೂ ಅವರ ಬಲಗೈ ಬಿಟ್ಟಿರಲಿಲ್ಲ; ಪ್ರತಿಯೊಂದು 'ಡೆನ್ನ ಡೆನ್ನಾನಾ'ಕ್ಕೂ ಹೆಬ್ಬೆರಳು ಮತ್ತು ಎರಡು ಬೆರಳು ಸೇರಿ ನೆಲದ ಸಗಣಿ ಸಾರಣೆಯ ಮೇಲೆ ಕಾಣದ ಒಂದು ಸಸಿಯನ್ನು ಊರುತ್ತಿದ್ದವು. ಪಕ್ಕದಲ್ಲಿ ಕುಳಿತ ಅವರ ಮೊಮ್ಮಗ ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತ ಹೋದ. ಈ ಎರಡೂವರೆ ಗಂಟೆಯೊಂದಕ್ಕೇ ನಾನು ಕೊಟ್ಟ ಶುಲ್ಕ ಸಂದಿತು ಎಂದು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಕಥೆ ತಿಳಿಯದವರಿಗಾಗಿ ಸ್ವಲ್ಪದರಲ್ಲಿ ಹೇಳುತ್ತೇನೆ. ಬೆಳ್ಗೊಳದಲ್ಲಿ, ಅಂದರೆ ಶ್ರವಣಬೆಳಗೊಳದಲ್ಲಿ, ಕೆಲಸ ಮಾಡುತ್ತಿದ್ದ ಶಿಲ್ಪಿ ಶಂಭು ಕಲ್ಕುಡನನ್ನು ಹುಡುಕಿಕೊಂಡು ಅವನು ಎಂದೂ ನೋಡದ ಮಗ ಬೀರ ಹೋಗುತ್ತಾನೆ. ತಂದೆ ಕಡೆದ ವಿಗ್ರಹದಲ್ಲಿ ಮಗ ದೋಷವೊಂದನ್ನು ಎತ್ತಿ ತೋರಿಸಿದಾಗ ಆ ಅವಮಾನವನ್ನು ತಾಳಲಾರದೆ ತಂದೆ ಪ್ರಾಣ ಬಿಡುತ್ತಾನೆ. ಆ ಮೇಲೆ ಬೀರ ಕಾರ್ಕಳಕ್ಕೆ ಬಂದು ಭೈರರಸನಿಗಾಗಿ ಗೊಮ್ಮಟನನ್ನು ಕಡೆಯುತ್ತಾನೆ. ಇಂಥ ಮೂರ್ತಿ ಬೇರೆಲ್ಲಿಯೂ ಏಳಬಾರದೆಂದು ಅರಸ ಅವನ ಎಡಗೈಯನ್ನೂ ಬಲಗಾಲನ್ನೂ ಕತ್ತರಿಸಿಬಿಡುತ್ತಾನೆ. ಅಣ್ಣನನ್ನು ಅರಸಿಕೊಂಡು ಬಂದ ತಂಗಿ ಕಲ್ಲುರ್ಟಿ ಅವನನ್ನು ಆ ಸ್ಥಿತಿಯಲ್ಲಿ ಕಾಣುತ್ತಾಳೆ. ಇಬ್ಬರೂ ವೇಣೂರಿಗೆ ಹೋಗುತ್ತಾರೆ. ಉಳಿದ ಒಂದು ಕೈ, ಒಂದು ಕಾಲಿನಲ್ಲಿ ಅವನು ಅಲ್ಲಿಯೂ ಒಬ್ಬ ಗೊಮ್ಮಟನನ್ನು ನಿಲ್ಲಿಸುತ್ತಾನೆ. ಕೊನೆಗೆ ಅಣ್ಣ ತಂಗಿಯರಿಬ್ಬರೂ ಮಾಯವಾಗಿ, ದೈವಗಳಾಗಿ ಬಂದು ಕಾರ್ಕಳದ ಅರಮನೆಯನ್ನು ಕಾಡುತ್ತಾರೆ.

ಇತಿಹಾಸದ ಲೆಕ್ಕದಲ್ಲಿ ಶ್ರವಣಬೆಳಗೊಳದ ಮೂರ್ತಿ ಹತ್ತನೆಯ ಶತಮಾನದ ಕೊನೆಯದು, ಕಾರ್ಕಳದ್ದು 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ್ದು, ವೇಣೂರಿನದು 1604ರಲ್ಲಿ ತಿಮ್ಮಣ್ಣಾಜಿಲ ನಿಲ್ಲಿಸಿದ್ದು. ಆರು ಶತಮಾನಗಳಿಗೂ ಮಿಕ್ಕಿದ ಈ ಅಂತರವನ್ನು ಪಾಡ್ದನ ಒಂದು ಮನೆಯ ಎರಡು ತಲೆಮಾರಿನೊಳಗೆ ಮಡಚಿಟ್ಟುಕೊಂಡಿದೆ. ಶಿಬಿರದಲ್ಲಿ ಒಬ್ಬರು ಇದನ್ನು ತಪ್ಪೆಂದು ಎತ್ತಿ ಆಡಿದಾಗ ಮಾರ್ಗದರ್ಶಕರು ಕೊಟ್ಟ ಉತ್ತರವನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಕಲ್ಲಿನ ಮೇಲಿನ ಶಾಸನದಲ್ಲಿ ಮಾಡಿಸಿದವನ ಹೆಸರಿರುತ್ತದೆ, ಗದ್ದೆಯ ಹಾಡಿನಲ್ಲಿ ಮಾಡಿದವನ ಹೆಸರಿದೆ. ಮಾಡಿದವನ ಕೈ ಎಲ್ಲ ಕಾಲದಲ್ಲೂ ಒಂದೇ ಕೈ ಎಂದು ಹಾಡಿದವರು ತಿಳಿದಿದ್ದರೆ ಅದನ್ನು ತಪ್ಪೆಂದು ಹೇಳುವುದು ಹೇಗೆ ಎಂದು ಅವರು ಕೇಳಿದರು.

ಅವರು ವಿವರಿಸಿದ ಎರಡು ತುಳು ಪದಗಳು ನನ್ನ ಎರಡು ವರ್ಷದ ತೊಡಕನ್ನು ಬಿಡಿಸಿದವು. ಕಣ್ಣಿಗೆ ಕಾಣುವ ಈ ಬದುಕು ಜೋಗ. ಕಾಣದ ನೆಲೆ ಮಾಯ. ಪಾಡ್ದನದ ವೀರರು ಅನ್ಯಾಯದ ತುತ್ತತುದಿಯಲ್ಲಿ ಜೋಗವನ್ನು ಬಿಟ್ಟು ಮಾಯಕ್ಕೆ ಸಲ್ಲುತ್ತಾರೆ. ಕೋಲದ ರಾತ್ರಿ ಮಾಯದಲ್ಲಿರುವುದು ಸ್ವಲ್ಪ ಹೊತ್ತು ಜೋಗಕ್ಕೆ ಬರುತ್ತದೆ. ವೇಷ, ಬಣ್ಣ, ಅಣಿ ಎಲ್ಲವೂ ಆ ಬರವಿಗೆ ಮಾಡಿದ ಸಿದ್ಧತೆ. ನಾನು ಸಿದ್ಧತೆಯನ್ನು ಮಾತ್ರ ನಾಲ್ಕು ಸಲ ಬರೆದು, ದಾಟುವ ಆ ಗಳಿಗೆಯನ್ನು ಒಮ್ಮೆಯೂ ಯೋಚಿಸಿರಲಿಲ್ಲ.

ನಮ್ಮ ಕಡೆಯ ಒಂದು ನೆನಪು ಆಗ ಎದ್ದು ಬಂತು. ನಾನು ಚಿಕ್ಕವಳಿದ್ದಾಗ ಬೀದಿಯ ಮನೆಮನೆಯ ಬಾಗಿಲಿನ ಮೇಲೂ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದಿದ್ದರು. ರಾತ್ರಿ ಬಂದು ಮನೆಯವರ ದನಿಯಲ್ಲೇ ಕರೆಯುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಆ ದೆವ್ವ ನೋಡಲು ಹೇಗಿದೆ ಎಂದು ಯಾರೂ ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಬರೆದ ಮಾತಿಗೆ ಅದು ಕಟ್ಟುಬೀಳುತ್ತದೆ ಎಂಬ ಒಂದೇ ನಿಯಮದಲ್ಲಿ ಇಡೀ ಬೀದಿಯ ಭಯ ಅಡಗಿತ್ತು. ಜನಪದದ ಅತಿಮಾನುಷಕ್ಕೆ ಎಲ್ಲೆಡೆಯೂ ಇಂಥ ನಿಯಮವೊಂದಿರುತ್ತದೆ, ಚಿತ್ರಕಾರನಿಗೆ ಬೇಕಾದದ್ದೂ ಅದೇ. ಕೋರೆಹಲ್ಲು, ಕೆದರಿದ ಕೂದಲು ಬರೆದು ಸಾಧಿಸಲಾಗದ್ದನ್ನು, ಮುಚ್ಚಿದ ಬಾಗಿಲು ಮತ್ತು ಸುಣ್ಣದ ಮೂರು ಅಕ್ಷರ ಬರೆದು ಸಾಧಿಸಬಹುದು.

ಎರಡನೆಯ ದಿನ ಕಾರ್ಕಳದ ಬೆಟ್ಟ ಹತ್ತಿದೆವು. ಎದುರಿಗೆ 1586ರ ಚತುರ್ಮುಖ ಬಸದಿ. ಮೇಲೆ ಒಂದೇ ಕಲ್ಲಿನ 42 ಅಡಿಯ ಬಾಹುಬಲಿ. ಮಳೆಯಲ್ಲಿ ಈ ಪ್ರಯಾಣ ಇಟ್ಟದ್ದಕ್ಕೆ ಕೆಲವರು ಬೇಸರಪಟ್ಟರು; ಕಾಗದ ತೆರೆಯಲಾಗದೆ ಹೆಚ್ಚಿನವರು ಮೊಬೈಲಿನಲ್ಲಿ ಫೋಟೋ ತೆಗೆದು ಸುಮ್ಮನಾದರು. ನನಗೆ ನನ್ನ ಚಿತ್ರ ಸಿಕ್ಕಿದ್ದು ಅಲ್ಲಿಯೇ, ಅದೂ ಮಳೆ ನಿಂತ ಹತ್ತು ನಿಮಿಷದೊಳಗೆ. ಗಾಳಿಮಳೆ ಒಂದೇ ಬದಿಗೆ ಬಡಿದಿದ್ದರಿಂದ ಮೂರ್ತಿಯ ಬಲ ತೋಳು ಬೇಗನೆ ಆರಿ ಬೂದುಬಣ್ಣಕ್ಕೆ ಬಂತು. ಎಡ ತೋಳು ಮಾತ್ರ ಬಳ್ಳಿಯ ಸುರುಳಿಯಿಂದ ಹಿಡಿದು ಬೆರಳ ತುದಿಯವರೆಗೆ ಕಪ್ಪಾಗಿ ಒದ್ದೆಯಾಗಿಯೇ ಉಳಿಯಿತು. ಹಿಂದಿನ ದಿನ ಕೇಳಿದ ಹಾಡು ಕಿವಿಯಲ್ಲಿರುವಾಗ ಆ ಕಪ್ಪು ತೋಳನ್ನು ನೋಡುವುದು ಕಷ್ಟವಾಯಿತು. ಯಾವ ಕೈಯನ್ನು ಅರಸ ತೆಗೆಸಿದನೋ ಆ ಕೈ ಅವನು ಕಡೆದ ಕಲ್ಲಿನಲ್ಲಿ ಇನ್ನೂ ತೊಯ್ಯುತ್ತಿದೆ ಎಂಬ ಭಾವನೆ ಬಂದ ಮೇಲೆ ಅಣಿ, ಸಿರಿ ಯಾವುದೂ ಬೇಕೆನಿಸಲಿಲ್ಲ. ಕೊಡೆಯ ಕೆಳಗೆ ನಿಂತು ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡೆ. ಶಿಬಿರಕ್ಕೆ ಬಾರದೆ ಪ್ರವಾಸಿಯಾಗಿ ಹೋಗಿದ್ದರೆ ಅದು ನನಗೆ ಒದ್ದೆಯಾದ ಕಲ್ಲು ಮಾತ್ರವಾಗಿರುತ್ತಿತ್ತು.

ಆ ಸಂಜೆ ಬಣ್ಣದ ಪ್ರಾತ್ಯಕ್ಷಿಕೆ ಇತ್ತು. ಕೋಲ ಕಟ್ಟುವ ಕೆಲಸ ಪರಂಪರೆಯಿಂದ ಪಂಬದ, ಪರವ, ನಲಿಕೆ ಸಮುದಾಯಗಳದು. ಅಂಥ ಮನೆತನದ ಹಿರಿಯರೊಬ್ಬರು ಬಂದಿದ್ದರು. ಕಾರ್ಯಕ್ರಮದ ಪಟ್ಟಿಯಲ್ಲಿ 'ಮುಖವರ್ಣಿಕೆ' ಎಂದು ಮುದ್ರಿಸಿದ್ದರಿಂದ ನಾವೆಲ್ಲ ಅವರ ಮುಖಕ್ಕೆ ಬಣ್ಣ ಏರುವುದನ್ನು ಕಾಯುತ್ತಿದ್ದೆವು. ಮುಂದಿನ ಸಾಲಿನಲ್ಲಿದ್ದ ನನ್ನನ್ನು ನೋಡಿ ಅವರು, "ಮುಖಕ್ಕೆ ಬಣ್ಣ ಕೋಲದ ದಿವಸ ಮಾತ್ರ ಅಕ್ಕ. ಇವತ್ತು ಹಾಳೆಗೆ ಹಾಕಿ ತೋರಿಸ್ತೇನೆ, ಆಗಬಹುದಾ?" ಎಂದರು. ಅಣಿ ಕಟ್ಟುವುದಕ್ಕೂ ಬಳಸುವ ಅಡಿಕೆಯ ಹಾಳೆಯೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು, ತಂದೆಯ ಕಾಲದಿಂದ ಡಬ್ಬಿಯಲ್ಲಿ ಉಳಿದಿದ್ದ ಅರದಾಳದ ಚೂರನ್ನು ತೇದು, ತೆಂಗಿನೆಣ್ಣೆಯಲ್ಲಿ ಕಲಸಿ, ಅಂಗೈಯಗಲ ಬಳಿದರು. ಅದರ ಮೇಲೆ ತೆಂಗಿನ ಗರಿಯ ಕಡ್ಡಿಯಿಂದ ಕಪ್ಪು ಮತ್ತು ಬಿಳಿಯ ಗೆರೆ ಎಳೆದರು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅದು ಗೋಡೆಗೆ ಬಳಿದ ಬಣ್ಣದಂತೆ ಚಪ್ಪಟೆಯಾಗಿತ್ತು. ಆಮೇಲೆ ಅವರೇ ದೀಪ ಆರಿಸಲು ಹೇಳಿ, ದೊಂದಿಯೊಂದನ್ನು ಹಚ್ಚಿ ಹಾಳೆಯ ಬಳಿಗೆ ತಂದರು. ಹಳದಿ ತನ್ನ ಬಣ್ಣ ಬಿಟ್ಟು ಬಹುತೇಕ ಬೆಳಕೇ ಆಯಿತು. ಕಪ್ಪು ಗೆರೆಗಳು ಹಾಳೆಯಿಂದ ಒಂದು ಬೆರಳು ಮೇಲೆ ತೇಲಿದಂತೆ ಕಂಡವು. ಜ್ವಾಲೆ ಅಲುಗಿದಾಗಲೆಲ್ಲ ಅವು ಸರಿದವು. ಎಣ್ಣೆಯ ಬೆಳಕಿನ ಕೆಂಪುಹಳದಿಯಲ್ಲಿ ಹಳದಿ ವರ್ಣ ಬಿಳಿಯ ಕಡೆಗೆ ಹೋಗುತ್ತದೆ, ಕೆಂಪು ಹೊಳೆಯುತ್ತದೆ, ನೀಲಿ ಸತ್ತುಹೋಗುತ್ತದೆ ಎಂಬುದನ್ನು ನಾನು ಮಕ್ಕಳಿಗೆ ಪಾಠದಲ್ಲಿ ಹೇಳಿದ್ದೇನೆ. ಒಂದು ಮುಖದ ಬಣ್ಣಗಾರಿಕೆ ಇಡಿಯಾಗಿ ಆ ಬೆಳಕಿಗಾಗಿಯೇ ಹುಟ್ಟಿದೆ ಎಂಬುದು ಅಂದು ತಿಳಿಯಿತು.

ನನ್ನ ಮೊದಲ ಗಂಭೀರ ಆಕ್ಷೇಪವೂ ಆ ಸಂಜೆಯದೇ. ಹಿರಿಯರು ಅಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ವ್ಯವಸ್ಥಾಪಕರಲ್ಲೊಬ್ಬರು ಒಂದು ಫೋಟೋಗಾಗಿ ತಲೆಗೆ ಮುಡಿಯನ್ನಾದರೂ ಇಟ್ಟುಕೊಳ್ಳಿ ಎಂದು ಎರಡು ಬಾರಿ ಕೇಳಿದರು. ಅವರು ನಗುತ್ತಲೇ ನಿರಾಕರಿಸಿದರು, ಆದರೆ ಕೇಳಬಾರದಾಗಿತ್ತು. ನಮಗೆ ಅದು ಚಿತ್ರದ ವಸ್ತು, ಅವರಿಗೆ ವ್ರತ ಹಿಡಿದು ಮಾಡುವ ಕೆಲಸ. ಇಂಥ ಶಿಬಿರಕ್ಕೆ ಸೇರುವವರು ಕಲಾವಿದರಿಗೆ ಸಂಭಾವನೆ ಎಷ್ಟು, ಏನನ್ನು ತೋರಿಸಲು ಅವರು ಒಪ್ಪಿದ್ದಾರೆ ಎಂಬುದನ್ನು ಮೊದಲೇ ಕೇಳುವುದು ಒಳ್ಳೆಯದು, ನಾನು ಕೇಳಿರಲಿಲ್ಲ. ಇನ್ನೊಂದು ಮಾತು ಸುರಕ್ಷತೆಯದು. ಅರದಾಳವೆಂದರೆ ಆರ್ಸೆನಿಕ್ ಮತ್ತು ಗಂಧಕ ಸೇರಿದ ಖನಿಜ, ವಿಷ. ಆ ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸುವಾಗ ಯಾರೂ ಎಚ್ಚರಿಕೆ ಹೇಳಲಿಲ್ಲ. ಮುಟ್ಟಿದ ಕೈ ತೊಳೆಯದೆ ಇಬ್ಬರು ಚಹಾ ಕುಡಿಯಲು ಹೊರಟಾಗ ನಾನೇ ತಡೆಯಬೇಕಾಯಿತು.

ಸಾಮಗ್ರಿಯ ವಿಷಯದಲ್ಲಿ ಶಿಬಿರ ತನ್ನ ಮಾತಿಗೆ ತಕ್ಕಂತೆ ನಡೆದುಕೊಳ್ಳಲಿಲ್ಲ. 300 ಜಿಎಸ್‌ಎಂ ತೂಕದ ದಪ್ಪ ಹತ್ತಿಯ ಕಾಗದ ಎಂದು ಹೇಳಿದ್ದರು. ಕೊಟ್ಟದ್ದು ಅದಕ್ಕಿಂತ ತೀರ ತೆಳು. ಕರಾವಳಿಯ ಜೂನ್ ತಿಂಗಳ ತೇವದಲ್ಲಿ ತೆಳುಬಣ್ಣದ ಮೊದಲ ಲೇಪಕ್ಕೇ ಕಾಗದ ಅಲೆಯಲೆಯಾಗಿ ಎದ್ದಿತು, ಒಂದು ಪದರ ಆರಲು ಎರಡು ಗಂಟೆ ಹಿಡಿಯಿತು. ಹಲಗೆಗೆ ಅಂಟುಪಟ್ಟಿಯಿಂದ ಕಾಗದ ಬಿಗಿದುಕೊಳ್ಳಲು ಹೇಳಿಕೊಟ್ಟಿದ್ದರೆ ಅರ್ಧ ತೊಂದರೆ ತಪ್ಪುತ್ತಿತ್ತು. ಅಕ್ರಿಲಿಕ್ ಬಣ್ಣದ ಪೆಟ್ಟಿಗೆಯಲ್ಲಿದ್ದ ಒಂದೇ ಹಳದಿ ಕಿತ್ತಳೆಯ ಕಡೆಗೆ ವಾಲಿದ್ದು. ಅರದಾಳದ ತಂಪು ಹಳದಿ ಅದರಿಂದ ಬರುವುದು ಸಾಧ್ಯವೇ ಇರಲಿಲ್ಲ. ನಾನು ತಂದಿದ್ದ ಲೆಮನ್ ಯೆಲ್ಲೊಗೆ ಚೂರು ಯೆಲ್ಲೊ ಓಕರ್ ಮತ್ತು ಬಿಳಿ ಬೆರೆಸಿದಾಗ ಹತ್ತಿರದ್ದೊಂದು ಬಣ್ಣ ಬಂತು, ಅದನ್ನೇ ಪಕ್ಕದವರೊಂದಿಗೆ ಹಂಚಿಕೊಂಡೆ. ಹೋಗುವವರು ಕಾಗದ ಮತ್ತು ಹಳದಿ ಈ ಎರಡನ್ನಾದರೂ ತಮ್ಮದೇ ಒಯ್ಯಬೇಕೆಂಬುದು ನನ್ನ ಸಲಹೆ.

ಊಟ ಚೆನ್ನಾಗಿತ್ತು: ಬೆಳಿಗ್ಗೆ ನೀರುದೋಸೆ, ರಾತ್ರಿ ಕುಚ್ಚಲಕ್ಕಿಯ ಗಂಜಿ, ಉಪ್ಪಿನಕಾಯಿ. ಮಲಗುವ ಕೋಣೆಗಳು ಸ್ವಚ್ಛ.

ಮೂರನೆಯ ದಿನವನ್ನು ಮಾತ್ರ ಸರಿಯಾಗಿ ಬಳಸಿಕೊಳ್ಳಲಿಲ್ಲ. ಬೆಳಿಗ್ಗೆ ಒಂದೂವರೆ ಗಂಟೆ ಕೋಲದ ಫೋಟೋಗಳನ್ನು ಪರದೆಯ ಮೇಲೆ ತೋರಿಸಿ, ಇಷ್ಟವಾದದ್ದನ್ನು ಆಯ್ದು ಸಂಜೆ ನಾಲ್ಕರೊಳಗೆ ಚಿತ್ರ ಮುಗಿಸಿ ಪ್ರದರ್ಶನಕ್ಕೆ ಕೊಡಿ ಎಂದರು. ಎರಡು ದಿನ ಕಿವಿಯನ್ನೂ ಕಣ್ಣನ್ನೂ ಅಷ್ಟು ಚೆನ್ನಾಗಿ ಹದಗೊಳಿಸಿದವರು ಕೊನೆಯ ದಿನ ನಮ್ಮನ್ನು ಫೋಟೋ ನಕಲಿಗೆ ಹಿಂದಿರುಗಿಸಿದ್ದು ನನಗೆ ನೋವು ತಂದಿತು. ಹದಿನಾಲ್ಕು ಮಂದಿಯಲ್ಲಿ ಒಂಬತ್ತು ಮಂದಿಯ ಚಿತ್ರಗಳು ಹಂದಿರೂಪದ ದೈವ ಪಂಜುರ್ಲಿಯ ಒಂದೇ ಮೊಗವಾಗಿದ್ದವು. ಆ ಬೆಳಿಗ್ಗೆಯನ್ನು ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿಗೆ ಹೋಗಿ ಬರಲು ಬಳಸಬಹುದಿತ್ತು. ಅಲ್ಲಿನ ನಂದಿಕೇಶ್ವರ ದೇವಸ್ಥಾನದಲ್ಲಿ ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ಆಳೆತ್ತರದ ದೈವಮೂರ್ತಿಗಳು ಸಾಲುಗಟ್ಟಿ ನಿಂತಿವೆ. ಅಲ್ಲಿಂದ ಹೋದ ಹಳೆಯ ಮೂರ್ತಿಗಳು ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಕಾಣದ್ದಕ್ಕೆ ಆಕಾರ ಕೊಡುವಾಗ ಹಿಂದಿನವರು ಎಲ್ಲಿ ಉತ್ಪ್ರೇಕ್ಷಿಸಿದರು, ಎಲ್ಲಿ ತಡೆದು ನಿಲ್ಲಿಸಿದರು ಎಂಬುದನ್ನು ನೂರು ಫೋಟೋಗಳಿಗಿಂತ ಅಂಥ ಒಂದು ಮೂರ್ತಿಯ ಎದುರು ಚೆನ್ನಾಗಿ ಕಲಿಯಬಹುದು.

ನಾನು ಪ್ರದರ್ಶನಕ್ಕೆ ಚಿತ್ರ ಕೊಡಲಿಲ್ಲ. ಒತ್ತಾಯಿಸಲೂ ಇಲ್ಲ, ಅದಕ್ಕೆ ಕೃತಜ್ಞಳು. ಮಾರ್ಗದರ್ಶಕರು ನನ್ನ ಪೆನ್ಸಿಲ್ ಗುರುತುಗಳನ್ನು ನೋಡಿ ಅರ್ಧ ಗಂಟೆ ಕುಳಿತು ಮಾತಾಡಿದರು, ಮೂರ್ತಿಯ ತಲೆಯನ್ನು ಚೌಕಟ್ಟಿನ ಹೊರಗೆ ಬಿಟ್ಟು ತೋಳುಗಳ ಮಟ್ಟದಲ್ಲಿ ನಿಲ್ಲುವ ಯೋಚನೆಯನ್ನು ಕೊಟ್ಟವರೂ ಅವರೇ. ಶಿಬಿರ ಮುಗಿದ ಮೇಲೂ ಎರಡು ಬಾರಿ ಫೋನಿನಲ್ಲಿ ಸಲಹೆ ಕೊಟ್ಟರು, ಹಾಡಿದ ಅಮ್ಮನ ಮೊಮ್ಮಗನ ಸಂಪರ್ಕವನ್ನು ಅವರ ಒಪ್ಪಿಗೆ ಪಡೆದು ಮಾಡಿಕೊಟ್ಟರು. ವಿಷಯ ತಿಳಿದ ಮಾರ್ಗದರ್ಶಕರೊಬ್ಬರು ಈ ಮಟ್ಟದ ಗಮನ ಕೊಡುವುದಾದರೆ ತೆಳು ಕಾಗದವನ್ನು ಕ್ಷಮಿಸಬಹುದು. ಬರುವ ವರ್ಷ ಪತ್ತನಾಜೆ ಕಳೆದ ಮೇಲೆ ಮತ್ತೆ ಶಿಬಿರವಾದರೆ ನನ್ನ ಶಾಲೆಯ ಇಬ್ಬರು ಸಹೋದ್ಯೋಗಿಗಳನ್ನು ಕಳುಹಿಸುವುದೆಂದು ತೀರ್ಮಾನಿಸಿದ್ದೇನೆ. ಕುಂಚ ಹಿಡಿಯುವುದನ್ನು ಮೊದಲಿನಿಂದ ಕಲಿಯಬೇಕಾದವರಿಗೆ ಇದು ತಕ್ಕುದಲ್ಲ, ಅಲ್ಲಿ ಕೈಯ ಅಭ್ಯಾಸ ಮಾಡಿಸುವವರಿಲ್ಲ. ಕೈ ಕುದುರಿದ್ದೂ ಬರೆಯಲು ಏನಿದೆ ಎಂದು ಹುಡುಕುತ್ತಿರುವವರು ಹೋಗಬೇಕು.

ಚಿತ್ರ ಮುಗಿದದ್ದು ಸೆಪ್ಟೆಂಬರಿನಲ್ಲಿ. ಒಣಗಿದ ಬೂದುಬಣ್ಣದ ಒಂದು ತೋಳು, ಒದ್ದೆಯಾದ ಕಪ್ಪು ತೋಳು ಇನ್ನೊಂದು; ಕೆಳಗೆ ಬಂಡೆಯ ಮೇಲೆ ಉಳಿ ಹಿಡಿದು ಕುಳಿತ ಚಿಕ್ಕದೊಂದು ಆಕೃತಿ, ಅದರ ಸುತ್ತ ಮಾತ್ರ ದೊಂದಿಯ ಹಳದಿ. ಅದರ ಫೋಟೋವನ್ನು ಮೊಮ್ಮಗನಿಗೆ ಕಳುಹಿಸಿ ಅಜ್ಜಿಗೆ ತೋರಿಸಲು ಹೇಳಿದೆ. ಸಂಜೆ ಅವನು ಫೋನ್ ಮಾಡಿದ. ಅಜ್ಜಿ ಬಹಳ ಹೊತ್ತು ನೋಡಿದರಂತೆ, ಕೈ ಚೆನ್ನಾಗಿ ಬಂದಿದೆ ಎಂದರಂತೆ. ಆಮೇಲೆ, "ಕಲ್ಲುರ್ಟಿ ಎಲ್ಲಿ?" ಎಂದು ಕೇಳಿದರಂತೆ.

ನಾನು ಅವಳನ್ನು ಬರೆದೇ ಇರಲಿಲ್ಲ. ಅಣ್ಣನನ್ನು ಅರಸುತ್ತ ಬಂದವಳು, ಅವನನ್ನು ವೇಣೂರಿನವರೆಗೆ ನಡೆಸಿಕೊಂಡು ಹೋದವಳು, ಮಾಯಕ್ಕೆ ಅವನ ಜೊತೆಯಲ್ಲೇ ಸಂದವಳು ಅವಳು ಎಂದು ಎರಡೂವರೆ ಗಂಟೆ ಕುಳಿತು ಕೇಳಿದ್ದೆ. ಹಲಗೆಯ ಮೇಲೆ ಈಗ ಎರಡನೆಯ ಕಾಗದವನ್ನು ಬಿಗಿದಿದ್ದೇನೆ.